ಪಂಕ್ತಿ ಮುಗಿಯುವ ತನಕ

ಏಪ್ರಿಲ್ 24, 1994. ಭಾನುವಾರ, ಸಂಜೆ

ಹಗ್ಗ ಸುತ್ತಿಟ್ಟಿದ್ದಾಯಿತು. ಸುತ್ತುವಂಥದ್ದೇನೂ ಇರಲಿಲ್ಲ — ಚೀಲದಿಂದ ಆಚೆ ಬಂದಿದ್ದರೆ ತಾನೆ. ಬೂದಿಗೆರೆ ದಾಟಿ ಬಂಡೆಯ ಬುಡಕ್ಕೆ ಹೋಗುವಷ್ಟರಲ್ಲಿ ಎರಡು ಮೆಟಡಾರ್ ನಿಂತಿದ್ದವು. ಬೆಂಗಳೂರಿನ ಯಾವುದೋ ಫ್ಯಾಕ್ಟರಿಯವರು. ನಲವತ್ತು ಜನ. ಹತ್ತುವ ಐದು ದಾರಿಗೂ ಅವರದೇ ಹಗ್ಗ ನೇತಾಡುತ್ತಿತ್ತು. ಬಂಡೆ ಬಿರಿದ ನಮ್ಮ ದೊಡ್ಡ ಸೀಳಿಗೂ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ.

ಅವರ ಮುಖಂಡ ಬೈರಣ್ಣ ಅಂತೆ, ಕ್ಯಾಂಟೀನ್ ಸೂಪರ್‌ವೈಸರ್. ಗುರುತಿಲ್ಲ, ಪರಿಚಯವಿಲ್ಲ, ನನ್ನನ್ನೂ ಮಗಳು ಹರ್ಷಿತಳನ್ನೂ ಕೈ ಹಿಡಿದು ಕೂರಿಸಿದ. “ಬನ್ನಿ ಸಾರ್, ಮೊದ್ಲು ತಿಂಡಿ. ಪಾಪು, ನೀನೂ ಬಾಮ್ಮ.” ಚಿತ್ರಾನ್ನ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನಮಗೆ ಬೇಕಿದ್ದದ್ದು ಸೀಳು.

ಹರ್ಷಿತ ಜೂನ್ ಒಂದಕ್ಕೆ ಮೈಸೂರಿಗೆ, ಪಿಯುಸಿ ಹಾಸ್ಟೆಲ್‌ಗೆ. ಅಷ್ಟರೊಳಗೆ ದೊಡ್ಡ ಸೀಳನ್ನು ತುದಿಯ ತನಕ ಹತ್ತಬೇಕೆಂದು ಹಟ. ನಡುವೆ ಒಂದು ಉಬ್ಬು ಇದೆ, ಪ್ರತಿಸಲ ಅಲ್ಲೇ ಜಾರುತ್ತಾಳೆ. ನನ್ನಂಥ ಬ್ಯಾಂಕಿನವನಿಗೆ ಸಿಗುವುದು ಭಾನುವಾರ ಒಂದೇ. ಇನ್ನೆಷ್ಟು ಉಳಿದಿವೆ... ಅವಳಿಗಿಂತ ನನಗೇ ಆತುರ. ಅವಳು ಹೋದ ಮೇಲೆ ನಾನು ಯಾರ ಜೊತೆ ಬರಲಿ?

ಮೇ 1

ಮತ್ತೆ ಅವರೇ. ಮಧ್ಯಾಹ್ನದ ತನಕ ಕಾದೆವು. ಒಬ್ಬರು ಇಳಿದರೆ ಇನ್ನೊಬ್ಬರು. ಊಟದ ಹೊತ್ತಿಗೂ ಹಗ್ಗ ಬಿಚ್ಚಲಿಲ್ಲ. ನಮಗೆ ಮಾತ್ರ ಎಲೆ ಹಾಕಿ ಪುಳಿಯೋಗರೆ, ಮೊಸರನ್ನ, ಮೇಲೆ ಬಲವಂತ. ಅವರ ಅನ್ನ ಉಂಡು ಅವರ ಮೇಲೆ ಜಗಳಕ್ಕೆ ಹೋಗುವುದು ಹೇಗೆ? ಹರ್ಷಿತ ಆಗಲೇ ಅವರ ಅಂತ್ಯಾಕ್ಷರಿಯಲ್ಲಿ ಒಂದು ಪಾರ್ಟಿ.

ಲಕ್ಷ್ಮಿಯ ಹತ್ತಿರ ಗೊಣಗಿದೆ. ಹೆಂಡತಿಯಾದವಳು ನನ್ನ ಪರ ನಿಲ್ಲಬೇಕಲ್ಲ.

“ಬ್ಯಾಂಕಲ್ಲಿ ಟೋಕನ್ ಕೊಟ್ಟು ಊರೋರ್ನೆಲ್ಲ ಕಾಯಿಸ್ತೀರಲ್ಲ, ಒಂದಿನ ನೀವು ಕಾದ್ರೆ ಏನ್ರೀ? ಬಾಯ್ಬಿಟ್ಟು ಕೇಳಿದ್ರಾ?”

ಕೇಳಲಿಲ್ಲ. ಕೇಳುವುದೇನು ಬಂತು, ಅವರಿಗೆ ಕಣ್ಣಿಲ್ಲವೆ?

ಮೇ 8

ಬೆಳಗ್ಗೆ ಐದಕ್ಕೇ ಸ್ಕೂಟರ್ ಹೊರಡಿಸಿದೆ. ಬಂಡೆ ಖಾಲಿ. ಮೇಲಿನ ಮರಕ್ಕೆ ಹಗ್ಗ ಬಳಸಿ ಎರಡೂ ತುದಿ ಕೆಳಗೆ ಬಿಟ್ಟು ಬಂದೆ; ಒಂದು ಅವಳ ಸೊಂಟಕ್ಕೆ, ಇನ್ನೊಂದು ನನ್ನ ಕೈಗೆ. ಹರ್ಷಿತ ಸಲೀಸಾಗಿ ಹತ್ತುತ್ತಿದ್ದಳು. ಇನ್ನೇನು ಉಬ್ಬಿಗೆ ಕೈ ಹಾಕಬೇಕು — ಮೆಟಡಾರ್ ಬಂದವು. ಹಾರ್ನ್, ಸೀಟಿ, ಕೇಕೆ. “ಹಾಕಮ್ಮ, ಹಾಕು” ಅಂತ ನಲವತ್ತು ಗಂಟಲು. ಮೇಲಿಂದ ಅವಳು “ಬಿಗಿ, ಬಿಗಿ” ಅಂದಿದ್ದಾಳೆ. ಕೆಳಗೆ ಹಗ್ಗ ಹಿಡಿದಿದ್ದ ನನಗೆ ಕೇಳಿಸಲೇ ಇಲ್ಲ. ಹಗ್ಗ ಸಡಿಲವಾಗಿತ್ತು. ಜಾರಿದಳು. ಆಳೆತ್ತರ ಬಿದ್ದ ಮೇಲೆ ಹಗ್ಗ ತಡೆಯಿತು. ಮಂಡಿ ತರಚಿ ರಕ್ತ.

ಬೈರಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. “ಮದುವೆ ದಿಬ್ಬಣವೇನ್ರೀ ಇದು? ಹುಡುಗಿ ಸತ್ತಿದ್ರೆ?” ಆತ ನೀರು ತಂದು ಮಂಡಿ ತೊಳೆದು ಪಟ್ಟಿ ಕಟ್ಟಿದ.

ಮನೆ ತಲುಪಿ ಹರ್ಷಿತ ಗೇಟಿನ ಹತ್ತಿರ ಇಳಿದು, “ಅವರು ಹುರುಪು ಕೊಡ್ತಿದ್ರು ಕಣಪ್ಪ” ಅಂದಳು. ಅಷ್ಟೆ.

ಮೇ 17

ಭಾನುವಾರ ಹೋಗಲಿಲ್ಲ. ಮಂಡಿ ಅಂತ ನೆಪ.

ಇವತ್ತು ಬೈರಣ್ಣ ಬ್ಯಾಂಕಿಗೇ ಬಂದ. ಪಾಪು ಹೇಳಿತ್ತಂತೆ ಯಾವ ಬ್ಯಾಂಕೆಂದು. ನೆಟ್ಟಗೆ ಕ್ಯೂನಲ್ಲಿ ನಿಂತು ಕೌಂಟರಿಗೆ ತಲುಪಿದ.

“ಬೈದಿದ್ದು ಸರೀನೇ ಸಾರ್. ಆದ್ರೆ ಸೀಳು ಬೇಕು ಅಂತ ಒಂದ್ಸಲಾನೂ ಕೇಳ್ಲಿಲ್ವಲ್ಲ ನೀವು.”

“ಕಾಯ್ತಾ ಕೂತಿದ್ದು ಕಾಣ್ಲಿಲ್ವಾ?”

“ಕಾಣ್ತು. ಅದ್ಕೇ ಊಟಕ್ಕೆ ಕರೆದಿದ್ದು.”

ಇಂಥವನ ಹತ್ತಿರ ಏನು ಮಾತಾಡುವುದು. ಟೀ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಗೊತ್ತಾಯಿತು ಅವನ ಲೆಕ್ಕ. ಪಂಕ್ತಿಯಲ್ಲಿ ಕೂತವರೆಲ್ಲ ಉಂಡು ಮುಗಿಸುವ ತನಕ ಯಾರೂ ಏಳಬಾರದು. ನಲವತ್ತನೆಯವನು ಹತ್ತಿ ಇಳಿಯುವ ಮೊದಲು ಹಗ್ಗ ಬಿಚ್ಚಿದರೆ, ಉಣ್ಣುವವನ ಮುಂದಿನ ಎಲೆ ಎತ್ತಿದ ಹಾಗೆ. ನಾನು ದುರಹಂಕಾರ ಅಂದುಕೊಂಡಿದ್ದೆ. ಅದು ಅವನ ಮರ್ಯಾದೆ.

“ಬೆನ್ನ ಹಿಂದೆ ಕಾಯ್ತಾ ನಿಂತೋರು?” ಅಂದೆ.

“ಅವ್ರು ಎರಡನೇ ಪಂಕ್ತಿ ಸಾರ್.”

“ನಿಮ್ಮ ಎರಡನೇ ಪಂಕ್ತಿ ಹೊತ್ತಿಗೆ ಕತ್ತಲಾಗುತ್ತೆ ಕಣ್ರೀ.”

ಲೋಟ ಕೆಳಗಿಟ್ಟು ನಕ್ಕ. ನಾನೂ ನಕ್ಕೆ. ತೀರ್ಮಾನ ಆಯಿತು — ವಾರಕ್ಕೆ ಇಪ್ಪತ್ತೇ ಜನ. ಎರಡು ದಾರಿ ಯಾವಾಗಲೂ ಬೇರೆಯವರಿಗೆ ಖಾಲಿ. ಯಾರಾದರೂ ಮೇಲಿದ್ದರೆ ಕೆಳಗೆ ಸದ್ದಿಲ್ಲ, ಹಾರ್ನ್ ಇಲ್ಲ. ನನ್ನ ಕಡೆಯಿಂದ, ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು. ನನ್ನದೇ ಕಷ್ಟದ್ದು.

ಮೇ 22

ಹಾಸ್ಟೆಲ್ ನೋಡಿಕೊಂಡು ಬಂದೆವು. ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಅವಳಿಗೆ ಖುಷಿ. ನನಗೂ ಖುಷಿ ಅಂತ ಬರೆದಿಟ್ಟಿರುತ್ತೇನೆ.

ಇನ್ನು ಒಂದೇ ಭಾನುವಾರ.

ಮೇ 29. ಸಂಜೆ ಏಳೂವರೆ

ಮಾತಿನಂತೆ ಇಪ್ಪತ್ತೇ ಜನ. ದೊಡ್ಡ ಸೀಳು ಖಾಲಿ. ಎಲ್ಲರೂ ಪರೀಕ್ಷೆ ಹಾಲಿನಲ್ಲಿ ಕೂತವರ ಹಾಗೆ ಪಿಸುಪಿಸು. ಹರ್ಷಿತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು.

ಆಗ ಅಮ್ಮಯಮ್ಮ ಎದ್ದು ಬಂದರು. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವರು, ಐವತ್ತು ದಾಟಿರಬೇಕು. ಪ್ರತಿವಾರ ಬರುವುದು, ಬಡಿಸುವುದು, ಹಗ್ಗ ಕಂಡರೆ ದೂರ ಸರಿಯುವುದು. ಇವತ್ತು ಏನಾಯಿತೋ. “ನಾನೂ ಹತ್ತೇಬಿಡ್ತೀನಿ ಬೈರಣ್ಣ. ಇದ್ರಾಗೇ ಆಗ್ಬೇಕು. ಈ ಸೀಳಾದ್ರೆ ಬಾವಿ ಮೆಟ್ಲಂಗದೆ, ಮಿಕ್ಕಿದ್ದೆಲ್ಲ ಬೋಳು ಬಂಡೆ.”

“ಅದು ಸಾರ್‌ದು ಅಮ್ಮಯಮ್ಮ, ಇವತ್ತು ಬ್ಯಾಡ” ಅಂದ ಬೈರಣ್ಣ. ಆಕೆ ಸುಮ್ಮನೆ ಸೆರಗು ಸರಿಮಾಡಿಕೊಂಡು ಹಿಂದೆ ಹೋದರು. ಹರ್ಷಿತ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಗಂಟು ಬಿಚ್ಚಿಬಿಟ್ಟಳು. “ಬನ್ನಿ ಆಂಟಿ, ನೀವು ಮೊದ್ಲು.”

ಕಡೇ ಭಾನುವಾರ ಕಣೇ, ಅನ್ನಬೇಕೆಂದಿದ್ದೆ. ಹಗ್ಗ ಹಿಡಿದೆ.

ಕಚ್ಚೆ ಹಾಕಿ ಹತ್ತಿದರು ಅಮ್ಮಯಮ್ಮ. ಉಬ್ಬಿನ ಕೆಳಗೆ ನಿಂತರು ನೋಡಿ — ಮೇಲೂ ಇಲ್ಲ, ಕೆಳಗೂ ಇಲ್ಲ. ಯಾರೂ ಕೂಗಲಿಲ್ಲ. ಹರ್ಷಿತ ಒಬ್ಬಳೇ ಮೆಲ್ಲಗೆ, “ಬಲಗಾಲು ಸ್ವಲ್ಪ ಕೆಳಗೆ ಆಂಟಿ... ಅಲ್ಲೇ...” ಅಲ್ಲಿಂದಲೇ ಒಂದೊಂದೇ ಹೆಜ್ಜೆ ಇಳಿದು ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಆಕೆ ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು, ಹರ್ಷಿತಳ ಕೆನ್ನೆ ಹಿಡಿದು ಅತ್ತರು. ಬಂಡೆ ಕಾದ ಹೆಂಚು. ಇನ್ನು ಕೈ ಇಡುವ ಹಾಗಿಲ್ಲ.

ಎರಡು ಗಂಟೆಗೆ ಮೆಟಡಾರ್ ಹೊರಡಬೇಕಿತ್ತು. ಹೊರಡಲಿಲ್ಲ. ನೀವು ಹೊರಡಿ, ನಾವು ಬಿಸಿಲು ಇಳಿಯುವ ತನಕ ಇರ್ತೀವಿ ಅಂದೆ.

“ಪಂಕ್ತೀಲಿ ಪಾಪು ಇನ್ನೂ ಉಂಡಿಲ್ಲ ಸಾರ್” ಅಂದ ಬೈರಣ್ಣ. “ನಾವ್ ಹೆಂಗೆ ಏಳೋದು?”

ಚೀಲದಲ್ಲಿ ಏನೋ ಹುಡುಕುವವನಂತೆ ಬಗ್ಗಿದೆ. ಅಳು ಬಂದುಬಿಟ್ಟಿತ್ತು.

ಐದಕ್ಕೆ ನೆರಳು. ಹತ್ತಿದಳು. ಉಬ್ಬಿನಲ್ಲಿ ಒಂದು ಕಾಲು ಜಾರಿತು. “ಬಿಗಿ.” ಪಿಸುಮಾತಿನಷ್ಟು. ಕೇಳಿಸಿತು. ಬಿಗಿ ಹಿಡಿದೆ. ಎಡಗೈ, ಮಂಡಿ, ಮತ್ತೆ ಕೈ... ದಾಟಿದಳು. ತುದಿ ಮುಟ್ಟಿ ಕಾಲು ಇಳಿಬಿಟ್ಟು ಕೂತಳು. ಎಷ್ಟು ದೊಡ್ಡವಳಾಗಿದ್ದಾಳೆ, ಇಲ್ಲಿಂದ ಕಂಡಿರಲಿಲ್ಲ. ಯಾರೂ ಚಪ್ಪಾಳೆ ಸಹ ತಟ್ಟಲಿಲ್ಲ, ಮೇಲಿದ್ದಾಳಲ್ಲ.

ಇನ್ನು ಅವಳು ಗಂಟು ಬಿಚ್ಚಿ ಬಂಡೆಯ ಹಿಂದಿನ ದಾರಿಯಲ್ಲಿ ನಡೆದು ಬರಬೇಕು. ಅದಕ್ಕೆ ನಾನು ಕೆಳಗಿನಿಂದ ಸಡಿಲ ಕೊಡಬೇಕು.

“ಅಪ್ಪಾ, ಹಗ್ಗ ಬಿಡು.”

ಬೈರಣ್ಣ ನನ್ನ ಕಡೆ ನೋಡಿದ.

“ಆಯ್ತಪ್ಪಾ, ಬಿಡು ಇನ್ನ.”

ಇಪ್ಪತ್ತು ಜನ ಉಸಿರು ಹಿಡಿದು ಕೂತಿದ್ದರು. ಕೇಳಿಸಲಿಲ್ಲ ಅನ್ನುವ ಹಾಗೂ ಇರಲಿಲ್ಲ. ಕೈ ಮಾತ್ರ ಹಗ್ಗ ಬಿಡಲೊಲ್ಲದು —