ಕಾಲರ್ ಇಲ್ಲದ ಗೌನು

೯-೧೧-೨೦೦೮, ಭಾನುವಾರ

ಅಕ್ಕನ ಮಗಳು ಶ್ವೇತ ಇವತ್ತು ನನ್ನ ಮಾತನ್ನು ಕಾಲ ಕಸ ಮಾಡಿದಳು. ಹಾರೋಹಳ್ಳಿ ಗಾರ್ಮೆಂಟ್ಸಿನಲ್ಲಿ ಯಾವುದೋ ಫಾರಿನ್ ಪುಸ್ತಕ ನೋಡಿಬಂದು, ರಜೆಯ ದಿನ ಹೂವಿನ ಚೀಟಿ ಬಟ್ಟೆಯಲ್ಲಿ ನೆರಿಗೆ ನೆರಿಗೆಯ ಗೌನು ಹೊಲಿಯುತ್ತೇನೆಂದು, ನಾನು ಬೇಡವೆಂದರೂ ಹಟ. ಆ ದೇಶದ ಹಳ್ಳಿ ಹುಡುಗಿಯ ಉಡುಪಂತೆ! ಯಾವ ಹಳ್ಳಿ? ಅದನ್ನು ತೊಟ್ಟು ನಮ್ಮ ಕೊಟ್ಟಿಗೆ ಬಾಚಿದರೆ ನೆರಿಗೆಗೊಂದು ಸೇರು ಸಗಣಿ.

ಬೆಳಿಗ್ಗೆಯೇ ಮನೆಯ ಹೊಲಿಗೆ ಮಷೀನಿನ ಅಡಿದಾರದ ಡಬ್ಬಿ, ಅದೇ ಬಾಬಿನ್ ಕೇಸನ್ನು ಎತ್ತಿ ನನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ; ಅದಿಲ್ಲದೆ ಮಷೀನು ಒಂದು ಹೊಲಿಗೆಯನ್ನೂ ಹಾಕದು. ಈ ಊರಲ್ಲಿ ನನ್ನಷ್ಟು ತಲೆ ಯಾರಿಗೆ ಓಡುತ್ತದೆ? ಅವಳು ಒಸಿ ಹೊತ್ತು ಹುಡುಕಿದಳು. ಆಮೇಲೆ ಸೂಜಿ ಹಿಡಿದು ಕೈಯಲ್ಲೇ ಹೊಲಿಯಲು ಕೂತಳು.

“ಏನಮ್ಮಿ, ಫ್ಯಾಕ್ಟ್ರೀಲಿ ಹೊಲ್ದಿದ್ದು ಸಾಲ್ದಾ?” ಎಂದು ಕೆಣಕಿದೆ.

“ಅಲ್ಲಿ ಎರಡು ವರ್ಸದಿಂದ ಬರೀ ಕಾಲರ್ ಇಡ್ತಾವ್ನಿ ಮಾವ. ಒಂದು ಪೂರಾ ಬಟ್ಟೆ ನನ್ ಕೈಲಿ ಆಗೇ ಇಲ್ಲ.”

ಸಂಜೆ ತೊಟ್ಟುಕೊಂಡು ಬಂದು ಎದುರಿಗೇ ನಿಂತಳು. ಹುಡುಕಿ ಹುಡುಕಿ ಒಂದು ತಪ್ಪು ಹಿಡಿದೆ. “ಕಾಲರ್ರೇ ಇಲ್ವಲ್ಲಮ್ಮಿ?”

“ಅದೊಂದು ಬ್ಯಾಡ ಅಂತ ಬುಟ್ಬುಟ್ಟೆ. ಬಾಬಿನ್ ಕೇಸ್ ನೀನೇ ಮಡೀಕೊ ಮಾವ.”

ಗೊತ್ತಿತ್ತಲ್ಲ, ಮುಂಡೇದಕ್ಕೆ! ಆದರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವವರೆಗೂ ಕೊಡುವುದಿಲ್ಲ. ಕೇಳದೇ ಹೋದರೆ...