ಕೆಂಪು ಗಾಜಿನ ಕಿಟಕಿ

ಸೊಲ್ಲಾಪುರ, ರವಿವಾರ

ಅಕ್ಕಲಕೋಟೆಯ ಅಣ್ಣನಿಗೆ ನಮಸ್ಕಾರ.

ನವಿ ಪೇಠದ ಹಳೆಯ ವಾಚನಾಲಯಕ್ಕೆ ಈಗ ಇಳಿಜಾರು ದಾರಿ ಮಾಡಿದ್ದಾರೆ. ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದ ನನ್ನ ಗಾಲಿಕುರ್ಚಿ ಮೊದಲ ಸಲ ಒಳಗೆ ಹೋಯಿತು!

ದುರಸ್ತಿಗೆ ಮುಂಚೆ ಎಂಜಿನಿಯರ್ ಮಂಜರಿ, ಒಳಗೆ ಮೊದಲು ಏನೇನಿತ್ತು ಎಂದು ಹಳಬರನ್ನೆಲ್ಲ ಕೇಳಿದ್ದಳು. ನೀನು ಪುಸ್ತಕ ತಂದು ಕೊಡುವಾಗಲೆಲ್ಲ ವರ್ಣಿಸುತ್ತಿದ್ದ ಕೆಂಪು ಗಾಜಿನ ಕಿಟಕಿಯನ್ನು ನಾನು ಹೇಳಿದ್ದೆ. ಪಾಪ, ಪಡುವಣ ಗೋಡೆಯ ಗಾರೆಯನ್ನೆಲ್ಲ ಕೆರೆಸಿದ್ದಾಳೆ. "ಬರೇ ಕಲ್ಲ ಅದಾವ್ರಿ ಮಾವಶಿ, ಖಿಡಕಿ ಎಲ್ಲಿತ್ರಿ?" ಎನ್ನುತ್ತಾಳೆ.

ಎಲ್ಲಿತ್ತು ಅಣ್ಣ? ಗುರುವಾರ ಮತ್ತೆ ಗಾರೆ ಬಳಿಯುತ್ತಾರೆ, ಅಷ್ಟರೊಳಗೆ ಬಂದು ತೋರಿಸು. ಮೊಣಕಾಲು ನೋಯುತ್ತಿದ್ದರೆ ಇಳಿಜಾರಿನಲ್ಲೇ ಬಾ. ಕಿಟಕಿ ಇರಲೇ ಇಲ್ಲವೆಂದರೆ ನನ್ನ ಕಿವಿಯಲ್ಲಷ್ಟೇ ಹೇಳು. ಹೇಗಿದ್ದರೂ ನಾನು ಓದಲು ಕೂರುವುದು ಅದರ ಕೆಳಗೇ.

ನಿನ್ನ ತಂಗಿ,
ಕುಮುದಿನಿ