ನಮ್ಮ ಗುರುತಿನ ಬೀಗ

೧೮ ಜೂನ್

ಪ್ರೀತಿಯ ತಮ್ಮನಿಗೆ,

ನಿನಗೂ ನಿನ್ನ ಹೆಂಡತಿಗೂ ಮಗುವಿಗೂ ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬೈಗುಳವೇ ಮೊದಲು ಬರುತ್ತಿತ್ತು, ಹರಿದು ಬಿಸಾಕುತ್ತಿದ್ದೆ. ಇವತ್ತು ಬೈಯುವಷ್ಟು ತ್ರಾಣವೂ ಇಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಇರುವುದು ಒಂದೇ ಕೋಣೆ, ನಿನ್ನ ಭಾವ ಪಕ್ಕದಲ್ಲೇ ಇರುತ್ತಾರೆ.

ನಮ್ಮ ಬೀಗದ ಕಾರ್ಖಾನೆಯಲ್ಲಿ ಹಿತ್ತಾಳೆ ಕರಗಿಸುವ ಕುಲುಮೆ ಆರಿಹೋಗಿ ಆಗಲೇ ವರ್ಷ ಆಗುತ್ತಾ ಬಂತು. ಈಗ ಅದರ ಬಾಯಿಗೆ ತಗಡು ಮುಚ್ಚಿದ್ದಾರೆ, ಮೇಲೆ ಬೆಕ್ಕು ಮಲಗುತ್ತದೆ. ಸರ್ಕಾರ ಆಮದು ಸುಂಕ ಇಳಿಸಿದ ಮೇಲೆ ಹಡಗಿನಲ್ಲಿ ಬರುವ ಬೀಗಕ್ಕೆ ನಮ್ಮ ಹಿತ್ತಾಳೆಗಿಂತ ಕಡಿಮೆ ಬೆಲೆ. ತಮಾಷೆ ನೋಡು, ನಮ್ಮೂರಿನ ಗುಜರಿ ಹಿತ್ತಾಳೆಯೇ ಹಡಗು ಹತ್ತಿ ಹೋಗುತ್ತದಂತೆ, ಬೀಗವಾಗಿ ವಾಪಸ್ ಬರುತ್ತದಂತೆ. ನಮಗಿಂತ ಅದೇ ಹೆಚ್ಚು ದೇಶ ಸುತ್ತಿದೆ.

ಹೋದ ಸಲ ಬಂದಾಗ ನೀನು ಅದನ್ನೆಲ್ಲ ಬಿಡಿಸಿ ಹೇಳಿದ್ದೆ. "ಅಕ್ಕಾ, ನಾವು ಅವರ ಬೀಗ ತಗೊಂಡ್ರೆ ತಾನೆ ಅವರು ನಮ್ಮ ಬಟ್ಟೆ ತಗೊಳ್ಳೋದು? ಬಟ್ಟೆ ಗಿರಣಿಗಳಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ ಗೊತ್ತಾ?" ಅಂದೆ. ಸುಳ್ಳಲ್ಲ. ಎದುರುಮನೆಯ ದರ್ಜಿಯ ಮಗಳು ಗಿರಣಿ ಸೇರಿ ಮನೆಗೆ ಹೊಸ ಮಾಡು ಹಾಕಿಸಿದಳು, ನನಗೂ ಸಂತೋಷವೇ. ಆದರೆ ಐವತ್ತು ದಾಟಿದ ನಿನ್ನ ಭಾವನನ್ನು ಯಾವ ಗಿರಣಿ ಕರೆದು ಕೂರಿಸುತ್ತದೆ, ಹೇಳು. ಅದನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೀ. ಸುಂಕದ ಇಲಾಖೆಯಲ್ಲಿ ನೀನು ಕಡತ ಹೊರುವವನು, ಸುಂಕ ಇಳಿಸಿದವನಲ್ಲ ಅಂತ ನನಗೆ ಗೊತ್ತು. ಬೀದಿಯವರಿಗೆ ಗೊತ್ತಿಲ್ಲ. ನಲ್ಲಿ ಹತ್ತಿರ ಹೋದರೆ "ನಿಮ್ಮ ತಮ್ಮನಿಗೆ ಒಂದು ಮಾತು ಹೇಳಬಾರದಾ?" ಅಂತಾರೆ.

ಧಣಿಯನ್ನು ಬೈದೂ ಪ್ರಯೋಜನವಿಲ್ಲ. "ನಾನೇನು ಮಾಡ್ಲಮ್ಮಾ, ಅಂಗಡಿಯೋರು ಬೆಲೆ ಕೇಳ್ತಾರೆ, ಮಾಡಿದೋರು ಯಾರು ಅಂತ ಕೇಳಲ್ಲ" ಅಂತ ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಅವರೂ ಹೊರಗಿನ ಬೀಗವನ್ನೇ ತರಿಸಿದರು. ನಾವು ಅದಕ್ಕೆ ನಮ್ಮ ಗುರುತು ಒತ್ತಿ, ನಮ್ಮ ಪೆಟ್ಟಿಗೆಗೆ ತುಂಬಿ ಕಳಿಸುವುದು. ಅಷ್ಟೇ ಈಗ ಕೆಲಸ.

ಆದರೆ ನಮ್ಮಲ್ಲಿನ ಪದ್ಧತಿ ನಿನಗೆ ಗೊತ್ತಲ್ಲ, ಒಬ್ಬರಾದರೂ ಹಾಕಿ ತೆಗೆದು ನೋಡದೆ ಬೀಗ ಹೊರಗೆ ಹೋಗುವಂತಿಲ್ಲ. ಹಡಗಿನ ಬೀಗಗಳಲ್ಲಿ ಎಷ್ಟೋ ಅರ್ಧಕ್ಕೇ ಕಚ್ಚಿಕೊಳ್ಳುತ್ತಿದ್ದವು. ನಿನ್ನ ಭಾವನಿಗೆ ತಡೆಯಲಾಗಲಿಲ್ಲ. ಬಿಚ್ಚುವುದು, ಒಳಗಿನ ಮುಳ್ಳನ್ನು ಅರದಿಂದ ಉಜ್ಜುವುದು, ಬೀಗದ ಕೈ ನಯ ಮಾಡುವುದು. ಯಾರೂ ಹೇಳಿದ್ದಲ್ಲ. "ಯಾರದೋ ಮಗುವಿನ ಮೂಗು ನೀವ್ಯಾಕೆ ಒರೆಸ್ತೀರಿ?" ಅಂತ ಜಗಳ ಆಡಿದೆ. "ಗುರುತು ನಮ್ಮದಲ್ವೇನೇ? ಬಾಗಿಲು ತೆಗೆಯಕ್ಕಾಗದೆ ಬೀದೀಲಿ ನಿಂತೋರು ಹಡಗನ್ನ ಬೈತಾರಾ, ನಮ್ಮನ್ನ ಬೈತಾರಾ?" ಅಂದರು. ಆಮೇಲೆ ನಾನೂ ಪಕ್ಕದಲ್ಲಿ ಕೂತು ಎಣ್ಣೆ ಬಿಡತೊಡಗಿದೆ. ಜಗಳವಾಡಿ ಗೆದ್ದದ್ದು ಯಾವತ್ತಾದರೂ ಉಂಟೇ ನಾನು?

ಈ ನಡುವೆ ಕೆಲಸಗಾರರ ಸಂಘದಿಂದ ಅರ್ಜಿ ಹೋಯಿತು: ಬರುತ್ತಿರುವುದು ಕಳಪೆ ಮಾಲು, ಪರೀಕ್ಷೆ ಮಾಡಿ, ಸುಂಕ ಮತ್ತೆ ಏರಿಸಿ ಅಂತ. ನಿಮ್ಮ ಇಲಾಖೆಯವರು ಬಂದರು, ನಿನ್ನ ಭಾವ ಆ ಹೊತ್ತಿಗೆ ಅಂಗಡಿಗಳಿಗೆ ಪೆಟ್ಟಿಗೆ ತಲುಪಿಸಲು ಹೋಗಿದ್ದರು. ಮರ್ಯಾದಸ್ಥರು, ಚಪ್ಪಲಿ ಒರೆಸಿಕೊಂಡೇ ಒಳಗೆ ಬಂದರು. ಆಮದಾದ ಬೀಗ ಬೇಕು ಅಂದರು. ಧಣಿ ಕಪಾಟು ತೋರಿಸಿದರು. ನಾನೇ ತೆಗೆದು, ಅತಿಥಿಗೆ ಕೊಡುವ ಲೋಟ ಒರೆಸಿದ ಹಾಗೆ ಒಂದೊಂದನ್ನೂ ಒರೆಸಿ ಕೊಟ್ಟೆ. ಅವರು ಹೋದ ಮೇಲೆ, ಇನ್ನೇನು ಕುಲುಮೆ ಹತ್ತಿತು ಅಂತ ಎಲ್ಲರೂ ಚಹಾ ಕುಡಿದೆವು.

ಬಂದ ಆದೇಶ ನೀನೇ ನೋಡಿರುತ್ತೀ. ಪರೀಕ್ಷೆಗೆ ಒಯ್ದ ಬೀಗಗಳಲ್ಲಿ ಒಂದೂ ಸೋಲಲಿಲ್ಲ, ಮಾಲು ಉತ್ತಮವಾಗಿದೆ, ಸುಂಕ ಏರಿಸುವ ಅಗತ್ಯವಿಲ್ಲ. ಹೇಗೆ ಸೋಲುತ್ತವಪ್ಪಾ? ಆ ಕಪಾಟಿನಲ್ಲಿದ್ದವೆಲ್ಲ ನಿನ್ನ ಭಾವನ ಕೈ ದಾಟಿ ಬಂದವು. ಅಷ್ಟು ಜನ ಇದ್ದೆವಲ್ಲ, ಅವತ್ತು ಒಬ್ಬರ ತಲೆಗೂ ಅದು ಹೊಳೆಯಲಿಲ್ಲ. ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಂಡೆವು, ಅದೂ ನುಣ್ಣಗೆ ಉಜ್ಜಿದ ಕಲ್ಲು.

ಕುಲುಮೆಯನ್ನು ಗುಜರಿಯವನಿಗೆ ಮಾರಲು ಮಾತಾಡಿ ಆಗಿದೆ. ಪೆಟ್ಟಿಗೆ ತುಂಬಲು ನಾವು ಕೆಲವು ಹೆಂಗಸರು ಉಳಿಯುತ್ತೇವೆ. ನಿನ್ನ ಭಾವನಿಗೆ ಈ ತಿಂಗಳೇ ಕೊನೆ. ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಸುಸ್ತು, ಅಷ್ಟೇ. ಮಗುವಿಗೆ ಹಲ್ಲು ಬಂತಾ? ಹೊತ್ತಿಗೆ ಸರಿಯಾಗಿ ಉಣ್ಣು, ಕಡತ ಎಲ್ಲಿಗೂ ಓಡಿಹೋಗುವುದಿಲ್ಲ. ನಿನ್ನ ಸಂಸಾರ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆದೇಶ ಬಂದ ದಿನ ನಿನ್ನ ಭಾವ ಉಣ್ಣದೆ ಕೂತಿದ್ದರು. "ಅವತ್ತು ಅವರು ಒಯ್ದದ್ದು ನಾನು ಉಜ್ಜಿದ್ದಾ?" ಅಂತ ಕೇಳಿದರು. ಆ ಮುಖ ನೋಡಲಾಗದೆ, "ಅಲ್ಲ, ಆಗ ತಾನೇ ಬಿಚ್ಚಿದ ಪೆಟ್ಟಿಗೆಯದು, ನೀವು ಮುಟ್ಟಿದ್ದಲ್ಲ" ಅಂದುಬಿಟ್ಟೆ. ಕಾರ್ಖಾನೆಯವರಿಗೂ ಹಾಗೇ ಹೇಳಲು ಕೈಮುಗಿದು ಕೇಳಿಕೊಂಡಿದ್ದೇನೆ. ನೀನು ಬಂದಾಗ ನಿನ್ನನ್ನೂ ಕೇಳುತ್ತಾರೆ, ಹಾಗೇ ಹೇಳು. ತಮ್ಮಾ, ಅವರು ನನ್ನ ಮಾತು ನಂಬಿದರು. "ಹಾಗಾದ್ರೆ ಅವು ಚೆನ್ನಾಗೇ ಇದ್ವು. ಇಷ್ಟು ದಿನ ನಾನೇ ಸುಮ್ಸುಮ್ನೆ ಉಜ್ಜಿದೆ" ಅಂದರು. ಮಾರನೆಯ ದಿನದಿಂದ ಅರ ಮುಟ್ಟಿಲ್ಲ.